ಗುರಿಯ ಪಂದ್ಯವೂ ಅದರ ಕಟ್ಟಳೆಗಳೂ

ಬಂದೂಕಿನ ಸದ್ದು ಕೇಳಿದೊಡನೆ ನಗರವಾಸಿಗಳಾದ ನಮಗೆ ಮೊದಲು ತೋರುವುದು ಭಯ. ಆದರೆ ಕೊಡಗಿನಲ್ಲಿ ಆ ಸದ್ದೇ ಹಬ್ಬದ ಸದ್ದಾಗುವ ದಿನವೊಂದುಂಟು. ಗದ್ದೆಗಳ ನಾಟಿ ಮುಗಿದ ಮೇಲೆ, ಸೆಪ್ಟೆಂಬರ್ ತಿಂಗಳ ಮೊದಲ ದಿನಗಳಲ್ಲಿ ಬರುವ ಕೈಲ್ ಪೊಳ್ದ್ ಹಬ್ಬದಂದು ಕೊಡವರು ತಮ್ಮ ಆಯುಧಗಳನ್ನು ಒಪ್ಪವಿಟ್ಟು, ಕೆಂಪು ಹಳದಿ ಬಣ್ಣದ ‘ತೋಕ್ ಪೂ’ವಿನಿಂದ ಸಿಂಗರಿಸಿ ಪೂಜಿಸುತ್ತಾರೆ. ತೋಕ್ ಎಂದರೆ ಬಂದೂಕು; ಪೂ ಎಂದರೆ ಹೂವು. ಪೂಜೆ ಊಟಗಳಾದ ಬಳಿಕ ಊರವರು ಬಯಲಿನಲ್ಲಿ ನೆರೆದು ತೆಂಗಿನಕಾಯಿಗೆ ಗುಂಡು ಹೊಡೆಯುವ ಪಂದ್ಯವನ್ನಾಡುತ್ತಾರೆ. ಈ ಬಗೆಯ ಸ್ನೇಹದ ಪಂದ್ಯವೊಂದನ್ನು ನಡೆಸುವುದು ಹೇಗೆ, ಅದರ ಸಲಕರಣೆಗಳಿಗೆ ಕಟ್ಟಳೆಗಳೇತಕ್ಕೆ ಎಂಬುದನ್ನು ಇಂದು ವಿಚಾರಮಾಡೋಣ.

ಇಲ್ಲಿ ಬಹುಮಾನವು ದೊಡ್ಡದಲ್ಲ. ಗೆದ್ದವನೂ ಸೋತವನೂ ಮರುದಿನ ಒಂದೇ ದಾರಿಯಲ್ಲಿ ನಡೆಯತಕ್ಕವರು. ಆದುದರಿಂದ ಪಂದ್ಯದ ಕಟ್ಟಳೆಗಳು ಎರಡನ್ನು ಕಾಪಾಡಬೇಕು: ಮೊದಲನೆಯದು ನೆರೆದವರ ಪ್ರಾಣ, ಎರಡನೆಯದು ಅವರ ನೆರೆಹೊರೆಯ ಸ್ನೇಹ.

ಪ್ರಾಣದ ಮಾತನ್ನು ಮೊದಲು ಹೇಳುವೆವು. ನಮ್ಮ ದೇಶದಲ್ಲಿ ಬಂದೂಕನ್ನು ಇಟ್ಟುಕೊಳ್ಳುವುದಕ್ಕೆ 1959ನೆಯ ಇಸವಿಯ ಶಸ್ತ್ರಾಸ್ತ್ರ ಕಾಯಿದೆಯಂತೆ ಪರವಾನಗಿ ಬೇಕು. ಕೊಡವರಿಗೂ ಕೊಡಗಿನ ಜಮ್ಮಾ ಹಿಡುವಳಿದಾರರಿಗೂ ಈ ವಿಷಯದಲ್ಲಿ ಬ್ರಿಟಿಷರ ಕಾಲದಿಂದ ವಿನಾಯಿತಿಯುಂಟು. ಕೇಂದ್ರ ಸರ್ಕಾರವು 2019ರಲ್ಲಿ ಅದನ್ನು 2029ರವರೆಗೆ ಮುಂದುವರಿಸಿತು. ಕರ್ನಾಟಕದ ಉಚ್ಚ ನ್ಯಾಯಾಲಯವು 2021ರಲ್ಲಿ ಅದನ್ನು ಎತ್ತಿಹಿಡಿಯಿತು. ಆದರೆ ಈ ವಿನಾಯಿತಿ ಪರವಾನಗಿಯಿಂದಲೇ ಹೊರತು ಎಚ್ಚರಿಕೆಯಿಂದಲ್ಲ. ಅಜಾಗರೂಕತೆಯಿಂದಾಗಲಿ, ಸಂಭ್ರಮಕ್ಕಾಗಿಯಾಗಲಿ ಗುಂಡು ಹಾರಿಸಿ ಪರರಿಗೆ ಅಪಾಯವೊಡ್ಡಿದವನಿಗೆ ಎರಡು ವರ್ಷದವರೆಗೆ ಸೆರೆಮನೆಯನ್ನೋ, ಒಂದು ಲಕ್ಷ ರೂಪಾಯಿಯವರೆಗೆ ದಂಡವನ್ನೋ, ಎರಡನ್ನೂ ಕೂಡಿಯೋ ವಿಧಿಸಲು 2019ರ ತಿದ್ದುಪಡಿಯು ಅವಕಾಶ ಕೊಟ್ಟಿದೆ.

ಎತ್ತರದ ಮರದಲ್ಲಿ ಕಾಯಿಯನ್ನು ಕಟ್ಟಿ ಹೊಡೆಯುವುದು ಹಳೆಯ ಪದ್ಧತಿ. ನೋಡಲು ಅದು ಅಂದವಾಗಿಯೇ ಇರುತ್ತದೆ. ಆದರೆ ಗುರಿ ತಪ್ಪಿದ ಗುಂಡಿನ ಗತಿಯೇನು? ಪಾಯಿಂಟ್ 22 ರೈಫಲಿನ ಗುಂಡು ಕಿರುಬೆರಳಿನ ತುದಿಗಿಂತ ಸಣ್ಣದು. ಆದರೂ ಮೇಲ್ಮುಖವಾಗಿ ಹೊರಟರೆ ಅದು ಒಂದು ಮೈಲಿಯ ಆಚೆಗೂ ಹೋಗಬಲ್ಲುದು. ಅಲ್ಲಿ ಯಾರ ಮನೆಯಿದೆಯೋ, ಯಾವ ತೋಟದಲ್ಲಿ ಆಳುಗಳಿದ್ದಾರೋ ಬಲ್ಲವರಾರು? ಆದುದರಿಂದ ಕಾಯಿಯನ್ನು ತಗ್ಗಿನಲ್ಲಿಟ್ಟು, ಹಿಂದೆ ಕಲ್ಲಿಲ್ಲದ ಎತ್ತರವಾದ ಮಣ್ಣಿನ ದಿಬ್ಬವಿರುವಂತೆ ಸ್ಥಳವನ್ನಾರಿಸುವುದೇ ಮೇಲು. ಹೊಡೆಯುವವರಿಗೆ ಒಂದು ಗೆರೆ, ಅದರ ಹಿಂದೆ ನೋಡುವವರಿಗೆ ಒಂದು ಹಗ್ಗ. ಗೆರೆಯ ಮೇಲೆ ನಿಂತು ಅಪ್ಪಣೆಯಾದ ಮೇಲೆಯೇ ತೋಟಾ ತುಂಬತಕ್ಕದ್ದು. ಉಳಿದ ಹೊತ್ತಿನಲ್ಲಿ ಬಂದೂಕು ಬರಿದಾಗಿರಬೇಕು, ತೆರೆದಿರಬೇಕು. ಅದರ ನಳಿಗೆ ಯಾರ ಕಡೆಗೂ ತಿರುಗಕೂಡದು. ‘ನಿಲ್ಲಿಸಿ’ ಎಂದು ಕೂಗುವ ಅಧಿಕಾರ ಮಾತ್ರ ಎಲ್ಲರಿಗೂ ಉಂಟು, ಮಕ್ಕಳಿಗೂ ಉಂಟು.

ಇನ್ನು ಸಲಕರಣೆಯ ಮಾತು. ಸ್ನೇಹ ಕೆಡುವುದು ಬಹುಮಟ್ಟಿಗೆ ಇಲ್ಲಿಯೇ. ಒಬ್ಬನು ತಾತನ ಕಾಲದ ಬಂದೂಕನ್ನು ಹಿಡಿದು ಬಂದನೆನ್ನಿ. ಮತ್ತೊಬ್ಬನು ದೂರದರ್ಶಕ ಕೂಡಿಸಿದ ಹೊಸ ರೈಫಲನ್ನು ತಂದನೆನ್ನಿ. ಇಬ್ಬರಿಗೂ ಒಂದೇ ಗೆರೆ, ಒಂದೇ ಕಾಯಿ. ಎರಡನೆಯವನು ಗೆದ್ದರೆ ಗೆದ್ದುದು ಕೈಯೋ ಹಣದ ಚೀಲವೋ ಎಂಬ ಗುಸುಗುಸು ಹುಟ್ಟದಿರದು. ಅದಕ್ಕಾಗಿಯೇ ಬಂದೂಕುಗಳನ್ನು ವರ್ಗಗಳಾಗಿ ವಿಂಗಡಿಸುವ ರೂಢಿ: ಪಾಯಿಂಟ್ 22 ರೈಫಲಿಗೆ ಒಂದು, 12 ಬೋರ್ ಬಂದೂಕಿಗೆ ಒಂದು, ಏರ್‌ಗನ್ನಿಗೆ ಒಂದು.

12 ಬೋರ್ ಎಂಬ ಹೆಸರಿನ ಅರ್ಥವು ಸ್ವಾರಸ್ಯವಾದುದು. ನಳಿಗೆಯ ಬಾಯಿಗೆ ಸರಿಯಾಗಿ ಕೂಡುವ ಸೀಸದ ಗುಂಡುಗಳನ್ನು ಹನ್ನೆರಡು ಸೇರಿಸಿದರೆ ಒಂದು ಪೌಂಡು ತೂಗಬೇಕೆಂಬುದು ಹಳೆಯ ಲೆಕ್ಕ. ಈ ಬಂದೂಕಿನಲ್ಲಿ ಒಂಟಿ ಗುಂಡನ್ನೂ ಹಾರಿಸಬಹುದು. ಚರೆಯನ್ನು, ಎಂದರೆ ಸಣ್ಣ ಸೀಸದ ಕಾಳುಗಳನ್ನೂ ಹಾರಿಸಬಹುದು. ಚರೆಯು ಹರಡಿಕೊಂಡು ಹೋಗುವುದರಿಂದ ಒಂದು ಕಾಳಾದರೂ ಕಾಯಿಗೆ ತಾಗೀತು. ಒಂಟಿ ಗುಂಡಿಗೆ ಆ ಸೌಕರ್ಯವಿಲ್ಲ. ಆದ್ದರಿಂದ ತೋಟಾವನ್ನು ನಡೆಸುವವರೇ ಎಲ್ಲರಿಗೂ ಒಂದೇ ಪೆಟ್ಟಿಗೆಯಿಂದ ಕೊಡುವುದು ನ್ಯಾಯ. ದೂರದರ್ಶಕ ಉಂಟೋ ಇಲ್ಲವೋ, ನಿಂತು ಹೊಡೆಯಬೇಕೋ ಕೈಗೆ ಆಸರೆ ಕೊಡಬಹುದೋ, ಒಬ್ಬರಿಗೆ ಎಷ್ಟು ಗುಂಡು, ಇವುಗಳನ್ನು ಮೊದಲ ಗುಂಡು ಹಾರುವ ಮುನ್ನವೇ ಬರೆದು ತೂಗುಹಾಕತಕ್ಕದ್ದು. ಕಾಯಿ ಒಡೆಯಬೇಕೋ, ತೂತಾದರೆ ಸಾಕೋ ಎಂಬುದನ್ನೂ ಬರೆಯಬೇಕು. ಇಬ್ಬರು ಸಮನಾಗಿ ನಿಂತರೆ ಗೆರೆಯನ್ನು ಹಿಂದಕ್ಕೆ ಸರಿಸಿ ಮತ್ತೊಮ್ಮೆ ಹೊಡೆಯಿಸಿದರಾಯಿತು.

ಅಂತರರಾಷ್ಟ್ರೀಯ ಪಂದ್ಯಗಳ ಕಟ್ಟಳೆಗಳು ಇದಕ್ಕಿಂತ ಬಹಳ ಸೂಕ್ಷ್ಮ. ಅಲ್ಲಿ ಏರ್ ರೈಫಲು 5.5 ಕಿಲೋಗ್ರಾಮನ್ನು ಮೀರಕೂಡದು. ಏರ್ ಪಿಸ್ತೂಲಿನ ಕುದುರೆಯು 500 ಗ್ರಾಮಿನ ಭಾರವನ್ನಾದರೂ ತಡೆಯಬೇಕು. 10 ಮೀಟರು ದೂರದ ಏರ್ ರೈಫಲ್ ಗುರಿಯಲ್ಲಿ ಹತ್ತು ಅಂಕದ ಚುಕ್ಕೆಯ ಅಗಲ ಅರ್ಧ ಮಿಲಿಮೀಟರು ಮಾತ್ರ. ನಮ್ಮ ಊರ ಪಂದ್ಯಕ್ಕೆ ಇಷ್ಟೊಂದು ತಕ್ಕಡಿ ಅಳತೆಗೋಲುಗಳು ಬೇಡ. ಆದರೆ ಎರಡರ ಉದ್ದೇಶವೂ ಒಂದೇ: ಸಲಕರಣೆಯ ಭೇದವನ್ನು ಆದಷ್ಟು ತಗ್ಗಿಸಿ, ಉಸಿರನ್ನು ಹಿಡಿದು ನಿಲ್ಲುವ ಕೈಗೂ ಕಣ್ಣಿಗೂ ಗೆಲುವನ್ನು ಬಿಟ್ಟುಕೊಡುವುದು.

ಒಂದು ವಿನಾಯಿತಿಯನ್ನು ಮಾತ್ರ ನಾವು ಬೇಡುವೆವು. ಹೊಸಬರನ್ನು, ಮೊದಲ ಬಾರಿಗೆ ಬಂದೂಕು ಹಿಡಿಯುವ ಹೆಣ್ಣುಮಕ್ಕಳನ್ನು, ಸ್ವಂತ ಬಂದೂಕಿಲ್ಲದವರನ್ನು ಕಟ್ಟಳೆಯ ಹೆಸರಿನಲ್ಲಿ ಹೊರಗೆ ನಿಲ್ಲಿಸಬಾರದು. ಪಂದ್ಯಕ್ಕೆಂದು ಏರ್‌ಗನ್ನೊಂದನ್ನು ಸಾಮಾನ್ಯವಾಗಿಟ್ಟು, ಬಲ್ಲವರೊಬ್ಬರನ್ನು ಪಕ್ಕದಲ್ಲಿ ನಿಲ್ಲಿಸಿದರೆ ಅವರೂ ಆಡಬಹುದು. ಎಚ್ಚರಿಕೆಯ ಕಟ್ಟಳೆಗಳಲ್ಲಿ ಯಾರಿಗೂ ರಿಯಾಯಿತಿ ಸಲ್ಲದು, ಊರಿನ ಹಿರಿಯರಿಗೂ ಸಲ್ಲದು. ಸಲಕರಣೆಯ ಕಟ್ಟಳೆಗಳಲ್ಲಿ ಅಷ್ಟಿಷ್ಟು ಔದಾರ್ಯವಿರಬಹುದು. ಸಂಜೆ ಬಯಲಿನಿಂದ ಬಂದವರೆಲ್ಲರೂ ಕ್ಷೇಮವಾಗಿ, ನಗುತ್ತ ಮನೆ ಸೇರಿದರೆ ಪಂದ್ಯವು ಚೆನ್ನಾಗಿ ನಡೆಯಿತೆಂದೇ ತಿಳಿಯಬೇಕು.