ಉಪಗುತ್ತಿಗೆ: ಕೆಲಸದ ಹಂಚಿಕೆ ಮತ್ತು ಹೊಣೆ

ಕಟ್ಟಡ ನಿರ್ಮಾಣವು ಹಲವು ಕಸುಬುಗಳ ಕೂಟ. ಗಾರೆ, ಸೆಂಟ್ರಿಂಗ್, ಕಂಬಿ, ಮರಗೆಲಸ, ಕೊಳಾಯಿ, ವಿದ್ಯುತ್ ಜೋಡಣೆ ಮೊದಲಾದವುಗಳನ್ನು ಮುಖ್ಯ ಗುತ್ತಿಗೆದಾರನು ಸಾಮಾನ್ಯವಾಗಿ ಉಪಗುತ್ತಿಗೆದಾರರಿಗೆ ವಹಿಸುತ್ತಾನೆ. ಆದರೆ ಕೆಲಸವನ್ನು ವಹಿಸಿದ ಮಾತ್ರಕ್ಕೆ ಹೊಣೆಯು ಕಳೆಯುವುದಿಲ್ಲ. ಮಾಲೀಕನೊಡನೆ ಕರಾರು ಮಾಡಿಕೊಂಡವನು ಮುಖ್ಯ ಗುತ್ತಿಗೆದಾರನೇ ಆದುದರಿಂದ, ಛಾವಣಿ ಸೋರಿದರೆ ಉತ್ತರ ಹೇಳಬೇಕಾದವನೂ ಅವನೇ.

ಆಯ್ಕೆಯಲ್ಲಿ ದರವೊಂದನ್ನೇ ನೋಡುವುದು ಸರಿಯಲ್ಲ. ತೀರ ಕಡಿಮೆ ದರಕ್ಕೆ ಒಪ್ಪಿದವನು ಆ ಕೊರತೆಯನ್ನು ಸಾಮಗ್ರಿಯಲ್ಲಿಯೋ ಆಳುಗಳ ಕೂಲಿಯಲ್ಲಿಯೋ ತುಂಬಿಕೊಳ್ಳುವ, ಇಲ್ಲವೇ ಕೆಲಸವನ್ನು ನಡುವೆಯೇ ಬಿಟ್ಟುಹೋಗುವ ಸಂಭವವುಂಟು. ಅವನು ಹಿಂದೆ ಮುಗಿಸಿದ, ಒಂದು ಮಳೆಗಾಲವನ್ನಾದರೂ ಕಂಡ ಕಟ್ಟಡಗಳನ್ನು ಪರಿಶೀಲಿಸಬೇಕು. ಈಗ ಅವನ ಕೈಯಲ್ಲಿರುವ ಕೆಲಸಗಳೆಷ್ಟು, ಆಳುಗಳೆಷ್ಟು ಎಂಬುದನ್ನೂ ವಿಚಾರಿಸಬೇಕು.

ಕೆಲಸದ ವ್ಯಾಪ್ತಿ, ಅಳತೆಯ ಕ್ರಮ, ದರ, ಅವಧಿ, ಬಿಲ್ಲು ಪಾವತಿಯ ದಿನ, ದೋಷ ಸರಿಪಡಿಸುವ ಅವಧಿ ಮುಗಿಯುವವರೆಗೆ ತಡೆಹಿಡಿಯುವ ಹಣ, ಇವೆಲ್ಲವೂ ಬರವಣಿಗೆಯಲ್ಲಿರತಕ್ಕದ್ದು. ಸಣ್ಣದೆಂದು ಬಿಟ್ಟ ಸಂಗತಿಯೇ ಮುಂದೆ ವ್ಯಾಜ್ಯವಾಗುತ್ತದೆ. ಸಾಧಾರಣ ಪೋರ್ಟ್‌ಲ್ಯಾಂಡ್ ಸಿಮೆಂಟಿನ ಕಾಂಕ್ರೀಟಿಗೆ ಕನಿಷ್ಠ 7 ದಿನ ನೀರುಣಿಸಬೇಕೆಂದು ಭಾರತೀಯ ಮಾನಕ 456 ವಿಧಿಸುತ್ತದೆ. ನೀರುಣಿಸುವವರಾರೆಂದು ಕರಾರಿನಲ್ಲಿ ಬರೆಯದಿದ್ದರೆ ಗಾರೆಯವನು ಕಾವಲುಗಾರನನ್ನೂ ಕಾವಲುಗಾರನು ಗಾರೆಯವನನ್ನೂ ತೋರಿಸುತ್ತಾರೆ. ಕಾಂಕ್ರೀಟು ಬಿರುಕು ಬಿಡುತ್ತದೆ.

ಕೆಲಸಗಳ ಅನುಕ್ರಮವನ್ನು ಎಲ್ಲರಿಗೂ ಮೊದಲೇ ತಿಳಿಸಬೇಕು. ಗಿಲಾವು ಮುಗಿದ ಮೇಲೆ ವಿದ್ಯುತ್ ಕೆಲಸದವನನ್ನು ಕರೆಸಿದರೆ ಗೋಡೆಯನ್ನು ಮತ್ತೆ ಕೊರೆಯಬೇಕಾಗುತ್ತದೆ. ಮುಗಿದ ಕೆಲಸವನ್ನು ಉಭಯತರೂ ಕೂಡಿ ಅಳೆದು, ಅಳತೆ ಪುಸ್ತಕದಲ್ಲಿ ದಾಖಲಿಸಿ, ರುಜು ಹಾಕಿ, ಗೊತ್ತಾದ ದಿನವೇ ಹಣ ಪಾವತಿ ಮಾಡಬೇಕು. ಹೇಳಿದ ದಿನ ಹಣ ಕೊಡುವವನ ಕೆಲಸಕ್ಕೆ ಒಳ್ಳೆಯ ಕುಶಲಕರ್ಮಿಗಳು ಮರಳಿ ಬರುತ್ತಾರೆ.

ಕೂಲಿಯ ವಿಷಯದಲ್ಲಿ ಕಾನೂನು ಸ್ಪಷ್ಟವಾಗಿದೆ. ಗುತ್ತಿಗೆದಾರನು ಕೂಲಿ ಕೊಡಲು ತಪ್ಪಿದರೆ ಪ್ರಧಾನ ನಿಯೋಜಕನು ಅದನ್ನು ಕೊಟ್ಟು, ಬಳಿಕ ಗುತ್ತಿಗೆದಾರನಿಂದ ವಸೂಲು ಮಾಡಬಹುದೆಂಬ ನಿಯಮವು 1970ರ ಗುತ್ತಿಗೆ ಕಾರ್ಮಿಕ ಅಧಿನಿಯಮದಲ್ಲಿತ್ತು. ಔದ್ಯೋಗಿಕ ಸುರಕ್ಷತೆ, ಆರೋಗ್ಯ ಮತ್ತು ಕೆಲಸದ ಪರಿಸ್ಥಿತಿಗಳ 2020ರ ಸಂಹಿತೆಯೂ ಇದನ್ನು ಉಳಿಸಿಕೊಂಡಿದೆ. ಈ ಕಾನೂನಿನಲ್ಲಿ 'ಗುತ್ತಿಗೆದಾರ' ಎಂಬ ಪದವು ಉಪಗುತ್ತಿಗೆದಾರನನ್ನೂ ಒಳಗೊಳ್ಳುತ್ತದೆ.

ಕಲಬುರಗಿ, ಯಾದಗಿರಿ, ವಿಜಯಪುರ ಜಿಲ್ಲೆಗಳಿಂದ ಮುಂಬಯಿ, ಪುಣೆ, ಹೈದರಾಬಾದುಗಳ ಕಟ್ಟಡ ಕೆಲಸಕ್ಕೆ ಬರುವ ಅನೇಕರು ಮೇಸ್ತ್ರಿಯೊಬ್ಬನನ್ನೇ ನಂಬಿ ಬಂದವರು. ಮೇಸ್ತ್ರಿಯು ಹಣದೊಡನೆ ಮರೆಯಾದರೆ ಅವರಿಗೆ ಊರಿಗೆ ಹಿಂದಿರುಗುವ ಖರ್ಚಿಗೂ ಗತಿಯಿರುವುದಿಲ್ಲ. ಆದಕಾರಣ ಮುಖ್ಯ ಗುತ್ತಿಗೆದಾರನು ಪ್ರತಿ ಬಿಲ್ಲಿನೊಡನೆ ಹಿಂದಿನ ಅವಧಿಯ ಕೂಲಿ ಪಟ್ಟಿಯನ್ನು ಕೇಳಿ ಪಡೆದು, ಅದರಲ್ಲಿರುವ ಹಣವು ಕಾರ್ಮಿಕರ ಕೈಸೇರಿತೇ ಎಂದು ಅವರಿಂದಲೇ ಖಚಿತಪಡಿಸಿಕೊಂಡ ನಂತರ ಮುಂದಿನ ಕಂತನ್ನು ಬಿಡುಗಡೆ ಮಾಡುವುದು ಉಚಿತ.