ಒಂದು ಅಳತೆಯ ಕೋವಿಗೆ ಇನ್ನೊಂದು ಅಳತೆಯ ತೋಟೆ

ತೋಟದ ಮನೆಗಳಲ್ಲಿ ಕೋವಿ ಹೊಸತಲ್ಲ. ಬೆಳೆ ರಕ್ಷಣೆಗೆಂದು ಪಡೆದ ಜೋಡುನಳಿಗೆ ಕೋವಿಯ ಜೊತೆಗೆ, ಹಿರಿಯರ ಕಾಲದ ರಿವಾಲ್ವರೊಂದು ಪೆಟ್ಟಿಗೆಯ ತಳದಲ್ಲಿ ಬಿದ್ದಿರುವುದೂ ಉಂಟು. ಅದಕ್ಕೆ ಹೊಂದುವ ತೋಟೆ ಅಂಗಡಿಯಲ್ಲಿ ದೊರೆಯದು. ಆಗ, "ಈಗ ಸಿಗುವ ತೋಟೆ ಹಿಡಿಯುವಂತೆ ಇದನ್ನು ತಿದ್ದಿಸಿದರಾಗದೇ?" ಎಂಬ ಪ್ರಶ್ನೆ ಬರುತ್ತದೆ. ಮಾಡಿಕೊಡುತ್ತೇನೆ ಎನ್ನುವ ಕೈಗಾರರೂ ಸಿಗುತ್ತಾರೆ. ಈ ವಿಚಾರವನ್ನು ಸದಸ್ಯರು ಸ್ವಲ್ಪ ಬಿಡಿಸಿ ತಿಳಿದಿರುವುದು ಒಳ್ಳೆಯದೆಂದು ನಾವು ಭಾವಿಸುತ್ತೇವೆ.

ತೋಟೆ ಕೋವಿಯೊಳಗೆ ಹಿಡಿಸಿತು ಎಂದ ಮಾತ್ರಕ್ಕೆ ಅದು ಆ ಕೋವಿಯ ತೋಟೆಯಲ್ಲ. ನಳಿಗೆಯ ಅಗಲ ಒಂದು ಅಳತೆ. ತೋಟೆ ಕೂರುವ ಗೂಡಿನ ಉದ್ದ ಇನ್ನೊಂದು. ಇವೆರಡಕ್ಕಿಂತ ಮುಖ್ಯವಾದದ್ದು ಕಣ್ಣಿಗೆ ಕಾಣದ ಮೂರನೆಯದು, ಮದ್ದು ಉರಿದಾಗ ಹುಟ್ಟುವ ಒತ್ತಡ. ಬೋರ್ಡೋ ಸಿಂಪಡಿಸುವವರಿಗೆ ಇದು ಬೇಗ ತಿಳಿಯುತ್ತದೆ. ಕೈಪಂಪಿನ ಹಳೆಯ ಪೈಪನ್ನು ಇಂಜಿನ್ ಪಂಪಿಗೆ ಸಿಕ್ಕಿಸಬಹುದು, ಬಾಯಿ ಸರಿಯಾಗಿಯೇ ಕೂರುತ್ತದೆ; ಪೈಪು ಒಡೆಯುವುದು ಆಮೇಲೆ. ಪೈಪು ಒಡೆದರೆ ಮೈಗೆ ಸುಣ್ಣ ಮೈಲುತುತ್ತದ ನೀರು. ಕೋವಿ ಒಡೆದರೆ ಹೋಗುವುದು ಕೈ, ಕಣ್ಣು.

ಇದಕ್ಕೆ ವೆಬ್ಲಿ ರಿವಾಲ್ವರಿನ ಕಥೆ ತಕ್ಕ ಉದಾಹರಣೆ. ಬ್ರಿಟಿಷ್ ಸೈನ್ಯದ .455 ಅಳತೆಯ ಈ ರಿವಾಲ್ವರುಗಳು ಎರಡನೆಯ ಮಹಾಯುದ್ಧದ ನಂತರ ಅಮೆರಿಕದಲ್ಲಿ ಅಗ್ಗಕ್ಕೆ ಮಾರಾಟವಾದವು. ಅಲ್ಲಿ .455 ತೋಟೆ ಅಪರೂಪ, ಅಲ್ಲಿನ ಸೈನ್ಯದ.45 ತೋಟೆ ಎಲ್ಲೆಡೆಯೂ ಲಭ್ಯ. ವ್ಯಾಪಾರಿಗಳು ಅದನ್ನು ಹಿಡಿಯುವಂತೆ ರಿವಾಲ್ವರನ್ನು ಮಾರ್ಪಡಿಸಿ ಮಾರಿದರು. ಆದರೆ .455 ತೋಟೆಯ ಒತ್ತಡ ಚದರ ಅಂಗುಲಕ್ಕೆ ಸುಮಾರು 13,000 ಪೌಂಡು; .45ರದ್ದು 21,000ದವರೆಗೆ. ಕಾರ್ಖಾನೆಯಿಂದ ಹೊರಬರುವಾಗ ಒಮ್ಮೆ ಪರೀಕ್ಷೆಗೆಂದು ಹೊರಿಸುವ ಭಾರವನ್ನು ಪ್ರತಿ ಈಡಿಗೂ ಹೊರಿಸಿದಂತಾಯಿತು. ಹತ್ತು ಈಡು ಸರಿಯಾಗಿ ಹಾರಿತೆಂಬುದು ಧೈರ್ಯಕ್ಕೆ ಕಾರಣವಲ್ಲ. ಉಕ್ಕು ಬಳಲುವುದು ಹೊರಗೆ ಕಾಣುವುದಿಲ್ಲ.

ಬಲ್ಲ ತಯಾರಕರು ಈ ಅಪಾಯವನ್ನು ಮೊದಲೇ ಯೋಚಿಸಿರುತ್ತಾರೆ. 1930ರ ದಶಕದಲ್ಲಿ .357 ಮ್ಯಾಗ್ನಮ್ ತೋಟೆಯನ್ನು ತಂದಾಗ, ಹಳೆಯ .38 ಸ್ಪೆಷಲ್‌ಗಿಂತ ಅದರ ಕೊಳವೆಯನ್ನು ಬೇಕೆಂದೇ ಸ್ವಲ್ಪ ಉದ್ದ ಮಾಡಿದರು. ಒತ್ತಡ ಎರಡು ಪಟ್ಟಾದ ಆ ತೋಟೆ ಹಳೆಯ ರಿವಾಲ್ವರಿನಲ್ಲಿ ಕೂರಲೇಬಾರದೆಂಬುದು ಉದ್ದೇಶ. .357ರ ರಿವಾಲ್ವರಿನಲ್ಲಿ .38 ಸ್ಪೆಷಲ್ ಹಾರಿಸಬಹುದು, ತಿರುಗುಮುರುಗಾಗಿ ಆಗದು. ನಮ್ಮ ಇಚ್ಛಾಪುರದ ಸರ್ಕಾರಿ ರೈಫಲ್ ಕಾರ್ಖಾನೆಯೂ 1960ರ ದಶಕದಲ್ಲಿ ಹಳೆಯ .303 ರೈಫಲಿನ ಮಾದರಿಯಲ್ಲಿ 7.62 ಮಿ.ಮೀ. ರೈಫಲ್ ತಯಾರಿಸಿದಾಗ ನಳಿಗೆ ಬದಲಿಸಿ ಸುಮ್ಮನಾಗಲಿಲ್ಲ. ಇನ್ನೂ ಗಟ್ಟಿಯಾದ ಉಕ್ಕಿನಲ್ಲಿ ಹೊಸದಾಗಿಯೇ ಮಾಡಿತು. ದೊಡ್ಡ ಕಾರ್ಖಾನೆಗೇ ಅಷ್ಟು ಎಚ್ಚರಿಕೆ ಬೇಕಾದ ಕೆಲಸ ಕುಲುಮೆಯ ಪಕ್ಕದ ಲೇತಿನಲ್ಲಿ ಆಗುವುದೆಂದು ನಾವು ನಂಬುವುದಿಲ್ಲ, ಕೈಗಾರ ಎಷ್ಟೇ ಜಾಣನಿರಲಿ.

ಕೋವಿಯನ್ನು ಯಾರೂ ತಿದ್ದದಿದ್ದರೂ ಇದೇ ತಪ್ಪು ಮನೆಯಲ್ಲೇ ನಡೆಯಬಹುದು. ಹನ್ನೆರಡರ ಕೋವಿ ಎಂದರೆ, ಒಂದು ಪೌಂಡು ಸೀಸದಲ್ಲಿ ಸಮನಾಗಿ ಹನ್ನೆರಡು ಗುಂಡು ಮಾಡಿದರೆ ಒಂದೊಂದು ಎಷ್ಟು ದಪ್ಪವೋ ಅಷ್ಟು ಅಗಲದ ನಳಿಗೆ. ಇಪ್ಪತ್ತರದ್ದು ಅದಕ್ಕಿಂತ ಸಣ್ಣದು. ಎರಡೂ ಕೋವಿ ಇರುವ ಮನೆಯಲ್ಲಿ ಇಪ್ಪತ್ತರ ತೋಟೆಯನ್ನು ಹನ್ನೆರಡರ ಕೋವಿಗೆ ಹಾಕಿದರೆ ಅದು ಜಾರಿ ಮುಂದೆ ಹೋಗಿ ನಳಿಗೆಯೊಳಗೆ ಸಿಕ್ಕಿಕೊಳ್ಳುತ್ತದೆ. ಹಿಂದೆ ಗೂಡು ಖಾಲಿ ಕಾಣುತ್ತದೆ. ತೋಟೆ ಹಾಕಲು ಮರೆತೆನೆಂದು ಹನ್ನೆರಡರದ್ದೊಂದನ್ನು ಹಾಕಿ ಕುದುರೆ ಎಳೆದರೆ ನಳಿಗೆ ಸಿಡಿಯುತ್ತದೆ. ಎರಡು ಅಳತೆಯ ತೋಟೆಗಳನ್ನು ಒಂದೇ ಡಬ್ಬಿಯಲ್ಲಿ, ಒಂದೇ ಜೇಬಿನಲ್ಲಿ ಇಡಲೇಬಾರದು. ಉದ್ದದಲ್ಲಿಯೂ ಒಂದು ಮೋಸವಿದೆ. ತೋಟೆಯ ಮೇಲೆ ಬರೆದ ಎರಡೂಮುಕ್ಕಾಲು ಅಂಗುಲ ಎಂಬುದು ಹಾರಿಸಿ ಬಾಯಿ ಬಿಚ್ಚಿಕೊಂಡ ಮೇಲಿನ ಅಳತೆ. ಹಾರಿಸುವ ಮೊದಲು ಅದು ಗಿಡ್ಡ. ಆದುದರಿಂದ ಎರಡೂವರೆ ಅಂಗುಲದ ಗೂಡಿರುವ ಅಜ್ಜನ ಕಾಲದ ಕೋವಿಯಲ್ಲಿ ಅದು ಸಲೀಸಾಗಿ ಕೂರುತ್ತದೆ. ಬಾಯಿ ಬಿಚ್ಚಲು ಜಾಗವಿಲ್ಲದೆ ಒತ್ತಡ ಏರುತ್ತದೆ. ನಳಿಗೆಯ ಬುಡದಲ್ಲಿ ಒತ್ತಿದ ಗುರುತುಗಳನ್ನು ಪರವಾನಗಿ ಇರುವ ವ್ಯಾಪಾರಿಯಿಂದ ಓದಿಸಿಕೊಳ್ಳಿರಿ.

ಇನ್ನು ಕಾನೂನು. 1959ರ ಶಸ್ತ್ರ ಕಾಯಿದೆಯ 5ನೆಯ ಕಲಮಿನಂತೆ, ಕೋವಿಯನ್ನು ತಯಾರಿಸುವುದಷ್ಟೇ ಅಲ್ಲ, ಮಾರ್ಪಡಿಸುವುದಕ್ಕೂ ಪ್ರತ್ಯೇಕ ಪರವಾನಗಿ ಬೇಕು. 2019ರ ತಿದ್ದುಪಡಿಯ ನಂತರ ಇದನ್ನು ಮೀರಿದವರಿಗೆ ಕನಿಷ್ಠ ಏಳು ವರ್ಷ ಸೆರೆವಾಸ, ಜೀವಾವಧಿಯವರೆಗೂ ಹೋಗಬಹುದು. ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಇರುವ ವಿನಾಯಿತಿ 2029ರವರೆಗೆ ಮುಂದುವರಿದಿದೆ, ನಿಜ. ಆದರೆ ಅದು ಕೋವಿ ಇಟ್ಟುಕೊಳ್ಳುವುದಕ್ಕೆ, ತಿದ್ದುವ ಕಸುಬಿಗಲ್ಲ. ಶಸ್ತ್ರ ನಿಯಮಗಳಲ್ಲಿ .38, .455 ರಿವಾಲ್ವರುಗಳು, ಸೈನ್ಯದ 9 ಮಿ.ಮೀ. ತೋಟೆ ಹಾರಿಸಬಲ್ಲ ಪಿಸ್ತೂಲುಗಳು ನಿಷೇಧಿತ ವರ್ಗಕ್ಕೆ ಸೇರಿವೆ. ಅಲ್ಲಿ ಮುಖ್ಯವಾಗುವುದು ಅದು ಯಾವ ತೋಟೆಯನ್ನು ಹಾರಿಸಬಲ್ಲದು ಎಂಬುದು. ಸಕ್ರಮವಾದ .32 ರಿವಾಲ್ವರನ್ನು ಸೈನ್ಯದ ಅಳತೆಗೆ ತಿದ್ದಿಸಿದವನ ಕೈಯಲ್ಲಿ ನಿಷೇಧಿತ ಆಯುಧವಿರುತ್ತದೆ, ಪರವಾನಗಿಯ ಪುಸ್ತಕದಲ್ಲಿ ಮಾತ್ರ .32 ಎಂದೇ ಉಳಿದಿರುತ್ತದೆ.

ಹಿರಿಯರು ತೀರಿಕೊಂಡ ಮೇಲೆ ಅಂಥದೊಂದು ಮನೆಯಲ್ಲಿ ಸಿಕ್ಕಿದರೆ ತಡಮಾಡದೆ ಹತ್ತಿರದ ಪೋಲೀಸ್ ಠಾಣೆಯಲ್ಲಾಗಲಿ, ಪರವಾನಗಿ ಪಡೆದ ವ್ಯಾಪಾರಿಯಲ್ಲಾಗಲಿ ಠೇವಣಿ ಇಡಬೇಕು. ಕಾಯಿದೆಯ 21ನೆಯ ಕಲಮು ಇದಕ್ಕೆಂದೇ ಇದೆ. ಹಳೆಯ ಪರವಾನಗಿ ಪುಸ್ತಕ ಸಿಕ್ಕಿದರೆ ಜೊತೆಗೆ ಒಯ್ಯಿರಿ. ರಸೀದಿಯಲ್ಲಿ ನಂಬರು ಮತ್ತು ಅಳತೆ ಬರೆದಿದ್ದಾರೆಯೇ ಎಂದು ಅಲ್ಲಿಯೇ ನೋಡಿಕೊಂಡು ಬನ್ನಿರಿ.