ಅರ್ಧ ಬೆಲೆ ಅಂದರೆ ಅರ್ಧವೇ?

ಗೌರಿ ಹಬ್ಬ, ದೀಪಾವಳಿ ಬಂತು ಅಂದ್ರೆ ಅಂಗಡಿ ಮುಂದೆ ದೊಡ್ಡ ಬೋರ್ಡು. 'ಭಾರಿ ರಿಯಾಯಿತಿ! ಅರ್ಧ ಬೆಲೆ!' ಈಗ ನಮಗೆ ಓದಲು ಬರುತ್ತದೆ. ಬೋರ್ಡು ಓದುತ್ತೇವೆ. ಆದರೆ ಅಷ್ಟೇ ಸಾಲದು. ಲೆಕ್ಕವನ್ನೂ ಹಾಕಬೇಕು.

ಒಂದು ಸೀರೆ ಇದೆ ಅನ್ನಿ. ಹೋದ ತಿಂಗಳು ಅದರ ಬೆಲೆ 450 ರೂಪಾಯಿ. ಹಬ್ಬಕ್ಕೆ ಮುಂಚೆ ಅದಕ್ಕೆ 900 ರೂಪಾಯಿಯ ಚೀಟಿ ಅಂಟಿಸುತ್ತಾರೆ. ಆಮೇಲೆ 900ಕ್ಕೆ ಗೀಟು ಎಳೆದು 450 ಎಂದು ಬರೆಯುತ್ತಾರೆ. ಅರ್ಧ ದುಡ್ಡು ಉಳೀತು ಅಂತ ನಾವು ಹಿಗ್ಗುತ್ತೇವೆ. ನಿಜವಾಗಿ ಉಳಿದದ್ದೆಷ್ಟು? ಒಂದು ಪೈಸೆಯೂ ಇಲ್ಲ. ಸಂಘದ ಸಾಲ ತಂದು ಕೊಂಡಿದ್ದರೆ ಬಡ್ಡಿ ಬೇರೆ.

'ಎರಡು ಕೊಂಡರೆ ಒಂದು ಉಚಿತ' ಎಂಬ ಬೋರ್ಡೂ ಇರುತ್ತದೆ. ಒಂದಕ್ಕೆ 300 ರೂಪಾಯಿ. ಎರಡಕ್ಕೆ 600. ಕೈಗೆ ಮೂರು ಬಂದವು. ಒಂದಕ್ಕೆ 200 ಬಿತ್ತು. ಪಕ್ಕದ ಅಂಗಡಿಯಲ್ಲಿ ಅದೇ ಮಾಲು 200ಕ್ಕೆ ಸಿಕ್ಕರೆ, ಉಚಿತ ಎಲ್ಲಿ ಬಂತು?

ಪೊಟ್ಟಣದ ಮೇಲೆ ಎಂ.ಆರ್.ಪಿ. ಎಂದು ಬರೆದಿರುತ್ತದೆ. ಅಂದರೆ ಗರಿಷ್ಠ ಮಾರಾಟ ಬೆಲೆ. ತೆರಿಗೆಯೂ ಅದರಲ್ಲೇ ಸೇರಿದೆ. ಅದಕ್ಕಿಂತ ಹೆಚ್ಚು ಕೇಳುವಂತಿಲ್ಲ. ಕಡಿಮೆಗೆ ಮಾರಬಹುದು. ಹಾಗಾಗಿ ಎಂ.ಆರ್.ಪಿ.ಗಿಂತ ಕಡಿಮೆ ಅಂದ ಮಾತ್ರಕ್ಕೆ ಅಗ್ಗ ಅಂತಲ್ಲ. ನಾಲ್ಕು ಅಂಗಡಿ ವಿಚಾರಿಸೋಣ.

ಮೋಸವಾದರೆ ಏನು ಮಾಡೋದು? ನಮಗೆ ಕಾನೂನಿನ ಬಲ ಇದೆ. ಗ್ರಾಹಕರ ರಕ್ಷಣೆಗೆ 1986ರಲ್ಲಿ ಕಾಯಿದೆ ಬಂತು. ಅದರ ಜಾಗದಲ್ಲಿ 2019ರ ಹೊಸ ಕಾಯಿದೆ 2020ರ ಜುಲೈಯಿಂದ ಜಾರಿಯಲ್ಲಿದೆ. ಮಾಮೂಲಿ ಬೆಲೆಯ ಬಗ್ಗೆ ಸುಳ್ಳು ಹೇಳುವುದು ತಪ್ಪು. ಉಚಿತ ಎಂದು ಹೇಳಿ, ಅದರ ಹಣವನ್ನು ಬೇರೆ ಮಾಲಿನ ಬೆಲೆಯಲ್ಲಿ ಸೇರಿಸುವುದೂ ತಪ್ಪು. ಬಿಲ್ಲು ಕೊಡದಿರುವುದೂ ತಪ್ಪು. 'ಮಾರಿದ ಮಾಲು ವಾಪಸ್ಸಿಲ್ಲ' ಎಂದು ಕೆಲವರು ಬಿಲ್ಲಿನಲ್ಲಿ ಅಚ್ಚು ಹಾಕಿಸಿರುತ್ತಾರೆ. ದೋಷವಿರುವ ಮಾಲಿಗೆ ಆ ಮಾತು ನಡೆಯದು.

ಆದ್ದರಿಂದ ಬಿಲ್ಲು ಕೇಳಿ ಪಡೆಯೋಣ. ಅದರಲ್ಲಿ ಅಂಗಡಿ ಹೆಸರು, ತಾರೀಖು, ಬೆಲೆ ಇದೆಯೇ ಎಂದು ಓದೋಣ. ಜೋಪಾನವಾಗಿ ಇಡೋಣ. ಮೊದಲು ಅಂಗಡಿಯವರನ್ನೇ ಕೇಳೋಣ. ಅವರು ಒಪ್ಪದಿದ್ದರೆ 1915ಕ್ಕೆ ಫೋನ್ ಮಾಡೋಣ. ಇದು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ. ಕರೆಗೆ ದುಡ್ಡಿಲ್ಲ.

ಅಲ್ಲಿಯೂ ಬಗೆಹರಿಯದಿದ್ದರೆ ನಮ್ಮ ಜಿಲ್ಲೆಯ ಗ್ರಾಹಕರ ಆಯೋಗಕ್ಕೆ ದೂರು ಕೊಡಬಹುದು. ಬೇರೆ ಊರಲ್ಲಿ ಕೊಂಡಿದ್ದರೂ ನಾವಿರುವ ಜಿಲ್ಲೆಯಲ್ಲೇ ದೂರು ಕೊಡಬಹುದು. ವಕೀಲರು ಬೇಕೇ ಬೇಕು ಅಂತಿಲ್ಲ. ನಾವು ಕೊಟ್ಟ ಹಣ 5 ಲಕ್ಷ ರೂಪಾಯಿ ಒಳಗಿದ್ದರೆ ಆಯೋಗಕ್ಕೆ ಶುಲ್ಕವೂ ಇಲ್ಲ. ಎರಡು ವರ್ಷದೊಳಗೆ ದೂರು ಕೊಡಬೇಕು.

450 ರೂಪಾಯಿಗೆ ಯಾರು ಓಡಾಡ್ತಾರೆ ಅಂತ ಸುಮ್ಮನಾಗುವುದು ಬೇಡ. ಅದು ನಮ್ಮ ಬೆವರಿನ ದುಡ್ಡು. ಒಬ್ಬರೇ ಹೋಗಲು ಅಳುಕಾದರೆ ಸಂಘದವರೆಲ್ಲ ಜೊತೆಗೂಡಿ ಹೋಗೋಣ. ಕೇಳುವವರು ಇದ್ದಾರೆ ಅಂತ ಗೊತ್ತಾದರೆ ಮೋಸ ಮಾಡುವವರೂ ಹಿಂಜರಿಯುತ್ತಾರೆ.